ಬೆಟ್ಟದ ಆಟಕ್ಕೆ ಬಿದ್ದ ಬೀಗ

ನಾನು ಸುಟ್ಟಗಾಯದ ವಾರ್ಡಿನ ಡ್ರೆಸ್ಸರ್. ಗಾಯದ ಮೇಲಿನ ಹಳೆಯ ಪಟ್ಟಿ ಬಿಚ್ಚುವುದು, ತೊಳೆಯುವುದು, ಹೊಸ ಪಟ್ಟಿ ಸುತ್ತುವುದು, ಇಷ್ಟೇ ನನ್ನ ಕೆಲಸ. ಕೇಳಲು ಸುಲಭ. ಒಣಗಿ ಅಂಟಿಕೊಂಡ ಪಟ್ಟಿಯನ್ನು ಮಗುವಿನ ಮೈಯಿಂದ ಬಿಡಿಸುವಾಗ ಆ ಮಗು ನನ್ನನ್ನು ಹೇಗೆ ನೋಡುತ್ತದೆ ಎಂದು ಮಾತ್ರ ಕೇಳಬೇಡಿ. ಮೊದಲು ನನ್ನ ತಳ್ಳುಗಾಡಿಯ ಚಕ್ರ ಕಿರುಗುಟ್ಟಿದರೆ ಮಕ್ಕಳು ಅಳುತ್ತಿದ್ದರು. ಚಕ್ರಕ್ಕೆ ಎಣ್ಣೆ ಬಿಟ್ಟೆ. ಆಮೇಲೆ ನನ್ನ ಚಪ್ಪಲಿಯ ಸದ್ದಿಗೇ ಅಳತೊಡಗಿದರು. ಇಂಥವನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರಲು ಒಪ್ಪಿದ ಒಬ್ಬಳೇ ಒಬ್ಬ ಹೆಂಗಸಿನ ಕಥೆ ಇದು. ವಾರ್ಡಿನಲ್ಲಿ ಎಲ್ಲರೂ ಅವಳನ್ನು ಆಟದಕ್ಕ ಎನ್ನುತ್ತಾರೆ. ನನಗಿಂತ ಚಿಕ್ಕವಳು, ಆದರೂ ನನಗೂ ಅಕ್ಕನೇ. ಅವಳಿಗೆ ನಾನು ಅಣ್ಣ. ಹೀಗೆ ನಾವಿಬ್ಬರೂ ಒಬ್ಬರಿಗೊಬ್ಬರು ದೊಡ್ಡವರು.

ಆಸ್ಪತ್ರೆಗೆ ಬರುವ ಮೊದಲು ಅಕ್ಕನದೊಂದು ಅಂಗಡಿಯಿತ್ತು. ದರ್ಜಿಯ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಸಿಕ್ಕಿಕೊಂಡ, ಇಬ್ಬರು ಒಳಗೆ ನಿಂತರೆ ಮೂರನೆಯವನು ರಸ್ತೆಯಲ್ಲೇ ಕಾಯಬೇಕಾದಂಥ ಅಂಗಡಿ. ಗೋಡೆಯ ತುಂಬ ವಿಡಿಯೋ ಗೇಮಿನ ಡಿಸ್ಕುಗಳು. ಮಾರುವುದಕ್ಕಿಂತ ಬಾಡಿಗೆಗೆ ಕೊಡುವುದೇ ಹೆಚ್ಚು. ಒಬ್ಬ ತಂದಿಟ್ಟ ಡಿಸ್ಕು ಕೂಡಲೇ ಇನ್ನೊಬ್ಬನ ಚೀಲ ಸೇರಬೇಕು. ಸುಮ್ಮನೆ ಕೂತ ಡಿಸ್ಕು ಕಂಡರೆ ಅಕ್ಕನಿಗೆ ಮೈ ಉರಿಯುತ್ತಿತ್ತು. ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ಓರೆ ಮಾಡಿ ನೋಡಿ, "ಇದು ನಡುದಾರೀಲಿ ಕೈಕೊಡುತ್ತೆ, ಬೇರೆ ತಗೊಂಡ್ಹೋಗು" ಎಂದು ಕಡ್ಡಿ ಮುರಿದಂತೆ ಹೇಳುತ್ತಿದ್ದಳಂತೆ. ಆಮೇಲೆ ಡೌನ್‌ಲೋಡ್ ಬಂತು. ಮನೆಯಲ್ಲಿ ಕೂತು ಗುಂಡಿ ಒತ್ತಿದರೆ ಆಟವೇ ಬಂದು ಬೀಳುವಾಗ ಈ ಕಿಷ್ಕಿಂಧೆಗೆ ಯಾರು ಬಂದು ಸಾಲಿನಲ್ಲಿ ನಿಲ್ಲುತ್ತಾರೆ? ಅಕ್ಕ ಶಟರ್ ಎಳೆದಳು. ನಮ್ಮ ವಾರ್ಡಿಗೆ ಹಾಸಿಗೆ ಬಟ್ಟೆ ಬದಲಾಯಿಸುವ ಆಯಾ ಆಗಿ ಬಂದಳು.

ಆಯಾ ಆಟದಕ್ಕ ಆದದ್ದು ಹೀಗೆ. ವಾರ್ಡಿನಲ್ಲೊಂದು ಮಗು ಪಟ್ಟಿ ಕಟ್ಟಿಸಿಕೊಳ್ಳಲು ಒಪ್ಪದೆ ದಿನವೂ ಕೂಗಿ ಕೂಗಿ ಸುಸ್ತಾಗುತ್ತಿತ್ತು. ನೋಡಲಾರದೆ ಅಕ್ಕ ಅಂಗಡಿಯಲ್ಲಿ ಉಳಿದಿದ್ದ ಗೇಮ್ ಮಷಿನ್ನನ್ನು ಹೊತ್ತು ತಂದು ಗೋಡೆಯ ಟಿವಿಗೆ ಸಿಕ್ಕಿಸಿದಳು. ಮಗು ಆಟದೊಳಗೆ ಮುಳುಗಿತು, ನಾನು ಪಟ್ಟಿ ಬಿಚ್ಚಿದೆ. ಮುಗಿದ ಮೇಲೆ ಆ ಮಗು "ಯಾವಾಗ ಬಿಚ್ತೀರಿ?" ಎಂದು ಕೇಳಿತು! ಎಷ್ಟೋ ವರ್ಷದ ಮೇಲೆ ಅಂದು ನನಗೆ ಮಧ್ಯಾಹ್ನದ ಊಟ ರುಚಿಸಿತು. ಆಸ್ಪತ್ರೆಯವರೂ ಕಣ್ಣು ಬಿಟ್ಟು ನೋಡಿ ಅಕ್ಕನಿಗೆ ಅದನ್ನೇ ಕೆಲಸವಾಗಿ ಕೊಟ್ಟರು.

ನಮ್ಮಿಬ್ಬರದೊಂದು ಪದ್ಧತಿ ಬೆಳೆಯಿತು. ಮಗುವಿನ ತಲೆಯ ಕಡೆ ಅಕ್ಕ, ಗಾಯದ ಕಡೆ ನಾನು. ಅಕ್ಕ ನನ್ನನ್ನು ನೋಡುವುದಿಲ್ಲ, ಟಿವಿ ನೋಡುತ್ತಾಳೆ. ಆಟದಲ್ಲಿ ಕಷ್ಟದ ಜಾಗ ಬಂದು ಮಗುವಿನ ಪ್ರಾಣವೆಲ್ಲ ಬೆರಳ ತುದಿಗೆ ಬಂದಾಗ ಅವಳು ಚಪ್ಪಲಿಯನ್ನು ನೆಲಕ್ಕೆ ಒಂದು ಸಲ ಉಜ್ಜುತ್ತಾಳೆ. ಆಗ ನಾನು ಎಳೆಯಬೇಕು. ಕಷ್ಟದ ಜಾಗ ದಾಟಿದರೆ ಇನ್ನೊಂದು ಸಲ ಉಜ್ಜುತ್ತಾಳೆ. ಆಗ ನಿಲ್ಲಿಸಬೇಕು. ಈ ಗುಟ್ಟು ಯಾವ ಮಗುವಿಗೂ ಗೊತ್ತಾಗಲಿಲ್ಲ.

ಬಿಡುವಾದಾಗ ಆಯಾಗಳ ಕೋಣೆಯಲ್ಲಿ ಚಹಾ ಕುಡಿಯುತ್ತ ನಾನು ಅವಳನ್ನು ಕೆಣಕುತ್ತಿದ್ದೆ. "ಈಗ ಯಾರಕ್ಕ ಡಿಸ್ಕು ತಗೋತಾರೆ? ಎಲ್ಲಾ ಡೌನ್‌ಲೋಡ್ ಅಲ್ವಾ?"

ಅಷ್ಟು ಸಾಕು, ಲೋಟ ಕೆಳಗಿಡುತ್ತಿದ್ದಳು. "ಡಿಸ್ಕು ಅಂದ್ರೆ ಕೈಯಲ್ಲಿರೋ ವಸ್ತು ಅಣ್ಣ. ಕೊಡ್ಬಹುದು, ಇಸ್ಕೋಬಹುದು, ಕೋಪ ಬಂದ್ರೆ ಬಚ್ಚಿಡ್ಬಹುದು. ಡೌನ್‌ಲೋಡ್ ಅಂದ್ರೆ ಏನ್ಹೇಳಿ? ದುಡ್ಡು ಕೊಟ್ಟು ಇನ್ನೊಬ್ರ ಮನೆ ಬಾಗ್ಲಲ್ಲಿ ನಿಂತಿರೋದು. ಬಾ ಅಂದ್ರೆ ಒಳಗೆ, ಹೋಗು ಅಂದ್ರೆ ಹೊರಗೆ."

"ಡಿಸ್ಕು ಗೀಚಿ ಹಾಳಾದ್ರೆ?"

"ಗೀಚಿದ್ದು ಕಣ್ಣಿಗೆ ಕಾಣುತ್ತಲ್ಲ! ಕಾಣೋ ಗಾಯಕ್ಕೆ ತಾನೇ ನೀವೂ ಪಟ್ಟಿ ಕಟ್ಟೋದು?"

"ನನ್ನ ಯಾಕೆ ಮಧ್ಯೆ ಎಳೀತೀರಿ?" ಎಂದು ನಾನು ಜಾಗ ಖಾಲಿ ಮಾಡುತ್ತಿದ್ದೆ.

ಇಂಥ ಅಕ್ಕ ಡಿಸ್ಕು ಬಿಟ್ಟು ಡೌನ್‌ಲೋಡಿಗೆ ಬರಬೇಕಾದದ್ದು ಒಂದು ಬೇಸಿಗೆಯಲ್ಲಿ. ವಾರ್ಡಿನ ಗಾಯಗಳು ಒಂದರ ಹಿಂದೊಂದು ಕೆಡತೊಡಗಿದವು. ನಮ್ಮಲ್ಲಿ ಸೋಂಕು ಎಲ್ಲಿಂದ ಎಲ್ಲಿಗೆ ಹರಡುತ್ತದೆ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಒಬ್ಬ ಹಿರಿಯ ನರ್ಸ್ ಇದ್ದಾರೆ. ಬೆನ್ನ ಹಿಂದೆ ನಾವು ಅವರನ್ನು ಸೋಂಕಿನ ಸಿಸ್ಟರ್ ಎನ್ನುತ್ತೇವೆ. ಅವರು ಹತ್ತಿಯ ಕಡ್ಡಿ ಹಿಡಿದು ಬಂದು ಹಾಸಿಗೆಯ ಸರಳು, ನಲ್ಲಿಯ ತಿರುಪು, ನನ್ನ ತಳ್ಳುಗಾಡಿ, ಒಂದನ್ನೂ ಬಿಡದೆ ಒರೆಸಿ ಪರೀಕ್ಷೆಗೆ ಕಳಿಸಿದರು. ಗಾಯಗಳಲ್ಲಿದ್ದ ಕ್ರಿಮಿಯೇ ಡಿಸ್ಕಿನ ಡಬ್ಬಿಗಳ ಸಂದಿಯಲ್ಲೂ ಸಿಕ್ಕಿತು. ಒಂದು ಹಾಸಿಗೆಯ ಮಗು ಡಬ್ಬಿಯ ಚಿತ್ರ ನೋಡಿ, ಮುಟ್ಟಿ, ಪಕ್ಕದ ಹಾಸಿಗೆಗೆ ದಾಟಿಸುತ್ತಿತ್ತಲ್ಲ, ಅದರ ಜೊತೆ ಕ್ರಿಮಿಯೂ ದಾಟಿತ್ತು. ಆ ಬೇಸಿಗೆಯಲ್ಲಿ ಒಂದು ಮಗುವಿಗೆ ಕಸಿ ಮಾಡಿದ ಚರ್ಮ ಪೂರ್ತಿ ಕೆಟ್ಟುಹೋಯಿತು. ಅದಕ್ಕೆ ಡಬ್ಬಿಯೇ ಕಾರಣ ಎಂದು ಯಾರೂ ಹೇಳಲಿಲ್ಲ, ಹಾಗೆ ಹೇಳಲು ಬರುವುದೂ ಇಲ್ಲ. ಆದರೆ ಅಕ್ಕ ಅದನ್ನು ತನ್ನ ತಲೆಗೇ ಕಟ್ಟಿಕೊಂಡಳು.

"ಇನ್ನು ವಾರ್ಡಿಗೆ ಡಿಸ್ಕು ಬೇಡ. ಮಷಿನ್ ಒರೆಸ್ಬಹುದು, ಆಟ ಅದರೊಳಗೇ ಇರ್ಲಿ" ಎಂದರು ಸೋಂಕಿನ ಸಿಸ್ಟರ್. ನಾನು ಜಗಳ ನಿರೀಕ್ಷಿಸಿದ್ದೆ. ಅಕ್ಕ ಅಂದೇ ಡಿಸ್ಕುಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ ಆಯಾಗಳ ಕೋಣೆಯ ಬೀರುವಿನಲ್ಲಿ ಇಟ್ಟಳು. ಡಿಸ್ಕಿನಲ್ಲಿದ್ದ ಆಟಗಳನ್ನೇ ನೆಟ್ಟಿನ ಗೇಮ್ ಅಂಗಡಿಯಲ್ಲಿ ತನ್ನ ಹೆಸರಿನ ಖಾತೆ ತೆರೆದು ಮತ್ತೊಮ್ಮೆ ಕೊಂಡಳು. ನಮ್ಮ ವಾರ್ಡು ಎಕ್ಸ್‌ರೇ ಕೋಣೆಗೆ ಅಂಟಿಕೊಂಡ ನೆಲಮಾಳಿಗೆ. ಇಲ್ಲಿ ನೆಟ್ ಇಲ್ಲ, ಫೋನಿಗೆ ಸಿಗ್ನಲ್ಲೂ ಹಿಡಿಯುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಮಷಿನ್ನನ್ನು ಮೇಲಿನ ಆಫೀಸಿಗೆ ಒಯ್ದು, ನೆಟ್ಟಿಗೆ ಸಿಕ್ಕಿಸಿ, ಆಟಗಳ ಹೊಸ ತಿದ್ದುಪಡಿಗಳನ್ನೆಲ್ಲ ತುಂಬಿಸಿ ತರುವುದು ಅವಳ ವಾಡಿಕೆಯಾಯಿತು.

ಆಮೇಲೆ ಪುಟ್ಟಿ ಬಂದಳು. ಒಲೆಯ ಮೇಲಿನ ಕುದಿಯುವ ನೀರಿನ ಪಾತ್ರೆ ಉರುಳಿ ಎರಡೂ ಕಾಲು ಬೆಂದಿದ್ದವು. ಕೈಗೆ ಏನೂ ಆಗಿರಲಿಲ್ಲ. ಮೊದಲ ಸಲ ಪಟ್ಟಿ ಬಿಚ್ಚುವಾಗ ಅಕ್ಕ ರಜೆಯಲ್ಲಿದ್ದಳು. ಪುಟ್ಟಿ ಒದ್ದಾಡಿದಳು, ಕೈಗೊಬ್ಬರು ಭುಜಕ್ಕೊಬ್ಬರು ಅಂತ ಹಿಡಿದುಕೊಂಡರು, ನಾನು ನನ್ನ ಕೆಲಸ ಮಾಡಿದೆ. ಅಲ್ಲಿಂದಾಚೆ ಆ ಹುಡುಗಿ ಮಾತು ನಿಲ್ಲಿಸಿಬಿಟ್ಟಳು. ನನ್ನ ಜೊತೆ ಬಿಡಿ, ಹೆತ್ತ ತಾಯಿಯ ಜೊತೆಯೂ ಇಲ್ಲ. ಅಕ್ಕ ರಜೆ ಮುಗಿಸಿ ಬಂದು ಆಟ ಆಡಿಸುವ ಗುಂಡಿಗಳ ಕಂಟ್ರೋಲರನ್ನು ಕೈಗೆ ಕೊಟ್ಟಾಗ ಮಾತ್ರ ಒಂದೇ ಒಂದು ಮಾತು ಆಡಿದಳು. "ಆಡ್ತಾ ಇರುವಾಗ ಯಾರೂ ಹಿಡ್ಕೋಬಾರ್ದು."

"ಹಿಡ್ಕೊಳ್ಳಲ್ಲ" ಎಂದಳು ಅಕ್ಕ. ಡಾಕ್ಟರಿಂದಲೂ ಆ ಮಾತು ಹೇಳಿಸಿದಳು, ನನ್ನಿಂದಲೂ ಹೇಳಿಸಿದಳು.

ಪುಟ್ಟಿ ಆರಿಸಿಕೊಂಡದ್ದು ಬೆಟ್ಟ ಹತ್ತುವ ಆಟ. ಬೆನ್ನಿಗೆ ಹಗ್ಗ ಸುತ್ತಿಕೊಂಡ ಒಬ್ಬ ಹೆಂಗಸು ಕಲ್ಲಿನಿಂದ ಕಲ್ಲಿಗೆ ಕೈ ಚಾಚಿ ಹತ್ತುತ್ತಾಳೆ. ಕೈ ತಪ್ಪಿದರೆ ಕೆಳಗೆ. ಪುಟ್ಟಿ ಬಿದ್ದು, ಎದ್ದು, ಮೋಡ ದಾಟಿ, ಹಿಮದ ಗೆರೆ ಮುಟ್ಟಿದಳು. ಪ್ರತಿ ಪಟ್ಟಿಗೂ ಒಂದಿಷ್ಟು ಮೇಲೆ. ಬಾಯಿ ಬಿಗಿದೇ ಇತ್ತು, ಕಾಲು ಮಾತ್ರ ನನಗೆ ಬಿಟ್ಟುಕೊಟ್ಟಿದ್ದಳು.

ಬಲ ಮಂಡಿಯ ಗಾಯ ತಾನಾಗಿ ಮುಚ್ಚಲಿಲ್ಲ. ತೊಡೆಯಿಂದ ಈರುಳ್ಳಿ ಪೊರೆಯಷ್ಟು ತೆಳ್ಳನೆಯ ಚರ್ಮ ತೆಗೆದು ಮಂಡಿಗೆ ಕಸಿ ಮಾಡಿದರು. ಹೀಗೆ ಹೊದಿಸಿದ ಚರ್ಮವನ್ನು ಕೆಲವು ದಿನ ಯಾರೂ ಮುಟ್ಟುವಂತಿಲ್ಲ, ಕಾಲು ಅಲ್ಲಾಡಿಸುವಂತಿಲ್ಲ. ಆಮೇಲೆ ಮೊದಲ ಸಲ ಪಟ್ಟಿ ಬಿಚ್ಚುವ ದಿನವೇ ಪರೀಕ್ಷೆಯ ದಿನ. ಚರ್ಮ ಅಂಟಿಕೊಂಡಿದೆಯೋ ಇಲ್ಲವೋ ಅಂದೇ ಗೊತ್ತಾಗುವುದು. ಅಂಟಿದ್ದರೂ ಹಸಿ ಹಸಿ, ಒಂದು ಒದೆತಕ್ಕೆ ಜಾರಿಹೋಗುತ್ತದೆ. ಅರಿವಳಿಕೆ ಕೊಟ್ಟು ಬಿಚ್ಚೋಣವೆಂದರೆ ಆಪರೇಷನ್ನಿನಲ್ಲೇ ಅವಳ ಉಸಿರು ತೊಂದರೆ ಕೊಟ್ಟಿತ್ತು, ಮತ್ತೆ ಕೊಡಲು ಅರಿವಳಿಕೆ ಡಾಕ್ಟರು ಒಪ್ಪಲಿಲ್ಲ. "ಇದು ಜಾರಿದ್ರೆ ಮಂಡಿ ಸರಿಯಾಗಿ ಮಡಚೋದು ಅನುಮಾನ. ಅವತ್ತು ಕಾಲು ಅಲ್ಲಾಡ್ಬಾರ್ದು, ಅಷ್ಟೇ ನಾನು ಕೇಳೋದು" ಎಂದರು ನಮ್ಮ ಸರ್ಜನ್. ಕೇಳಿದ್ದು ನನ್ನನ್ನಲ್ಲ, ಅಕ್ಕನನ್ನು.

ಆ ಬೆಳಿಗ್ಗೆ ಪುಟ್ಟಿಯ ಅಮ್ಮನನ್ನು ಹೊರಗೆ ಕೂರಿಸಿದೆವು. ಪುಟ್ಟಿಗೆ ನೋವಿನ ಔಷಧಿ ಕೊಟ್ಟಾಗಿತ್ತು. ಅದು ನೋವನ್ನು ಪೂರ್ತಿ ಅಳಿಸುವುದಿಲ್ಲ, ಮಂಕು ಮಾಡುತ್ತದೆ, ಅದೂ ಸ್ವಲ್ಪ ಹೊತ್ತು. ನಾನು ಗೌನು ಹಾಕಿ, ಗ್ಲೌಸು ತೊಟ್ಟು, ಮೇಲಿನ ಪಟ್ಟಿಗೆ ಸಲೈನ್ ಸುರಿದು ನೆನೆಯಲು ಬಿಟ್ಟೆ. ಗ್ಲೌಸು ತೊಟ್ಟ ಮೇಲೆ ನನ್ನ ಕೈ ಗಾಯವನ್ನು ಬಿಟ್ಟು ಬೇರೇನನ್ನೂ ಮುಟ್ಟುವಂತಿಲ್ಲ. ಸರ್ಜನ್ ಬಾಗಿಲ ಬಳಿ ನಿಂತಿದ್ದರು, ಅವರ ಪಕ್ಕದಲ್ಲಿ ಸೋಂಕಿನ ಸಿಸ್ಟರ್. ಅಕ್ಕ ಕಂಟ್ರೋಲರಿಗೆ ಹೊಸ ಪ್ಲಾಸ್ಟಿಕ್ ಕವರು ಹಾಕಿ ಪುಟ್ಟಿಯ ಕೈಗಿಟ್ಟು ಮಷಿನ್ ಹಚ್ಚಿದಳು.

ಟಿವಿಯಲ್ಲಿ ಬೆಟ್ಟದ ಚಿತ್ರ ಬಂತು. ಚಿತ್ರದ ಮೂಲೆಯಲ್ಲೊಂದು ಪುಟ್ಟ ಬೀಗ.

ಪುಟ್ಟಿ ಒತ್ತಿದಳು. ಆಟ ತೆರೆಯಲಿಲ್ಲ, ಒಂದು ಸಂದೇಶ ಬಂತು. ಮತ್ತೆ ಒತ್ತಿದಳು. ಅದೇ ಸಂದೇಶ. ಅನುಮತಿ ಪರೀಕ್ಷಿಸಬೇಕು, ನೆಟ್ಟಿಗೆ ಸಂಪರ್ಕಿಸಿ. ಅಕ್ಕ ಮಷಿನ್ ಆರಿಸಿ ಹಚ್ಚಿದಳು. ಬೀಗ ಅಲ್ಲೇ ಇತ್ತು.

"ಏನಾಯ್ತಕ್ಕ?" ಎಂದೆ. ಪಟ್ಟಿ ಆಗಲೇ ನೆನೆದು ಮೆತ್ತಗಾಗಿತ್ತು.

"ನಿನ್ನೆ ಆಫೀಸಿಗೆ ಒಯ್ದು ತೆಗೆದು ನೋಡ್ದೆ ಅಣ್ಣ. ಚೆನ್ನಾಗಿ ತೆಗೀತು. ಇವತ್ತು ತೊಂದ್ರೆ ಆಗ್ಬಾರ್ದು ಅಂತಲೇ ಒಯ್ದಿದ್ದೆ..." ಎನ್ನುತ್ತಿದ್ದವಳು ಅಲ್ಲಿಗೇ ನಿಂತಳು. "ಅಯ್ಯೋ. ನಾನು ಕೊಟ್ಬಿಟ್ಟೆ."

"ಏನು ಕೊಟ್ರಿ?"

"ಆಟಾನ. ನನ್ನ ತಂಗಿ ಮಗಳಿಗೆ."

ಅಕ್ಕ ಗಡಿಬಿಡಿಯಲ್ಲಿ ಹೇಳಿದ್ದನ್ನು ನಾನು ನಿಧಾನವಾಗಿ ಹೇಳುತ್ತೇನೆ. ತಂಗಿಯ ಮಗಳು ಜ್ವರ ಬಂದು ಮಲಗಿದ್ದಳು. ಇಲ್ಲಿ ಪುಟ್ಟಿಯ ಕಾಲು ಕಟ್ಟಿಟ್ಟಿದ್ದರಿಂದ ಆಟ ಕೆಲವು ದಿನ ಸುಮ್ಮನೆ ಬಿದ್ದಿತ್ತು. ಸುಮ್ಮನೆ ಬಿದ್ದ ಆಟವನ್ನು ಸಹಿಸುವ ಹೆಂಗಸೇ ಅಲ್ಲ ಅವಳು. ತಂಗಿಯ ಮನೆಯ ಮಷಿನ್ನಿನಲ್ಲಿ ತನ್ನ ಖಾತೆ ತೆರೆದು, ಇದೇ ನನ್ನ ಮುಖ್ಯ ಮಷಿನ್ ಎಂದು ಒತ್ತಿ, ಡಿಸ್ಕು ಕೊಟ್ಟಂತೆ ಆಟ ಕೊಟ್ಟು ಬಂದಿದ್ದಳು. ವಾಪಸು ಕೇಳಿ ಪಡೆಯಲು ಕೈಯಲ್ಲಿ ಹಿಡಿಯುವ ಡಿಸ್ಕೇ ಇಲ್ಲವಲ್ಲ, ಕೊಟ್ಟದ್ದು ಮರೆತೇಹೋಯಿತು. ಡೌನ್‌ಲೋಡಿನ ಕಟ್ಟಳೆ ಬೇರೆ. ಒಂದು ಖಾತೆಗೆ ಒಂದೇ ಮುಖ್ಯ ಮಷಿನ್, ನೆಟ್ ಇಲ್ಲದೆ ಆಟ ತೆರೆಯುವುದು ಅದರಲ್ಲಿ ಮಾತ್ರ. ಬೇರೆಲ್ಲ ಮಷಿನ್ನುಗಳು ಪ್ರತಿ ಸಲ ನೆಟ್ಟಿನಲ್ಲಿ ಅಪ್ಪಣೆ ಕೇಳಬೇಕು. ನಮ್ಮ ವಾರ್ಡಿನ ಮಷಿನ್ನಿಗೆ ಈ ಸಂಗತಿ ನೆಲಮಾಳಿಗೆಯಲ್ಲೇ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಹಿಂದಿನ ದಿನ ಅಕ್ಕ ಅದನ್ನು ಮೇಲೆ ಒಯ್ದು ನೆಟ್ಟಿಗೆ ಸಿಕ್ಕಿಸಿದಾಗ ತಾನಿನ್ನು ಮುಖ್ಯ ಮಷಿನ್ ಅಲ್ಲವೆಂದು ಅದಕ್ಕೆ ತಿಳಿದುಹೋಗಿತ್ತು. ಅಲ್ಲಿ ನೆಟ್ ಇದ್ದುದರಿಂದ ಆಟ ಅಪ್ಪಣೆ ಪಡೆದು ತೆರೆಯಿತು. ಇಲ್ಲಿ ಕೇಳುವುದಕ್ಕೆ ದಾರಿಯಿಲ್ಲ, ಬೀಗ ಬಿತ್ತು.

ನನಗೆ ಕೋಪ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಟ ಸಾಲ ಕೊಡಲು ಇವಳಿಗೆ ಈ ವಾರವೇ ಬೇಕಿತ್ತೇ ಎಂದು ಹಲ್ಲು ಕಡಿದೆ. ಬಾಯಿ ಬಿಟ್ಟರೆ ಪುಟ್ಟಿ ಬೆದರುತ್ತಾಳೆಂದು ನುಂಗಿಕೊಂಡೆ.

"ಮೇಲೆ ಒಯ್ದು ಸರಿ ಮಾಡ್ಕೊಂಡ್ ಬರ್ಲಾ?" ಎಂದಳು ಅಕ್ಕ.

ಸರ್ಜನ್ ತಲೆಯಾಡಿಸಿದರು. "ಹೋಗಿ ಬರೋದ್ರಲ್ಲಿ ಔಷಧಿ ಇಳಿದಿರುತ್ತೆ. ಮತ್ತೆ ಕೊಡೋ ಹಾಗಿಲ್ಲ. ನೆನೆಸಿದ ಪಟ್ಟಿ ಹಾಗೇ ಬಿಡೋ ಹಾಗೂ ಇಲ್ಲ."

"ಬೇರೆ ಆಟ?" ಎಂದೆ ನಾನು.

"ಎಲ್ಲಾ ಅದೇ ಖಾತೇಲಿದೆ ಅಣ್ಣ. ಎಲ್ಲದಕ್ಕೂ ಬೀಗ."

"ಬೀರುವಿನಲ್ಲಿ ಡಿಸ್ಕು ಇದೆಯಲ್ಲ!"

ಅಕ್ಕ ನನ್ನ ಕಡೆ ತಿರುಗಿದ ರೀತಿಗೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಬೇಡ! ಅದರ ಹೆಸ್ರು ಎತ್ಬೇಡಿ. ಹೊಸ ಚರ್ಮ ಅಣ್ಣ ಅದು. ಆ ಮಗೂಗೆ ಆಗಿದ್ದು ಮರೆತ್ಹೋಯ್ತಾ ನಿಮಗೆ? ಒಂದು ಸಲ ಹೊತ್ಕೊಂಡಿದ್ದೇ ಸಾಕು ನಂಗೆ." ಜೀವಮಾನವಿಡೀ ಡಿಸ್ಕಿನ ಪರ ವಾದಿಸಿದವಳು ಡಿಸ್ಕು ಬೇಡವೆನ್ನುತ್ತಿದ್ದಳು. ನನ್ನ ಕೋಪವೆಲ್ಲ ಇಳಿದುಹೋಯಿತು.

ಪುಟ್ಟಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಅವಳ ಕಾಲ ಬೆರಳುಗಳು ಬಿಗಿಯಾಗುತ್ತಿದ್ದವು.

ಆಗ ಮಾತಾಡಿದವರು ಸೋಂಕಿನ ಸಿಸ್ಟರ್. "ತನ್ನಿ ಡಿಸ್ಕು."

"ಸಿಸ್ಟರ್, ನೀವೇ ಬೇಡ ಅಂದಿದ್ರಿ" ಎಂದಳು ಅಕ್ಕ.

"ಕೈಯಿಂದ ಕೈಗೆ ಓಡಾಡೋದು ಬೇಡ ಅಂದಿದ್ದೆ. ಇದು ಮಷಿನ್ ಒಳಗೆ ಹೋಗುತ್ತೆ, ಅಲ್ಲೇ ಇರುತ್ತೆ. ಡಬ್ಬಿ ಬಾಗ್ಲು ದಾಟ್ಬಾರ್ದು. ಡಿಸ್ಕು ನಾನು ಒರೆಸ್ತೀನಿ, ನಾನೇ ಹಾಕ್ತೀನಿ. ಏನಾದ್ರೂ ಆದ್ರೆ ಅದು ನನ್ನ ತಲೆ ಮೇಲೆ, ನಿಮ್ಮದಲ್ಲ. ಓಡಿ."

ಅಕ್ಕ ಓಡಿದಳು. ಬೀರು ತೆಗೆದ ಸದ್ದು, ರಟ್ಟಿನ ಪೆಟ್ಟಿಗೆ ಬಿದ್ದ ಸದ್ದು ಗೋಡೆಯಾಚೆಯಿಂದ ಕೇಳಿಸಿತು. ನಾನು ಎರಡೂ ಕೈ ಎದೆಯ ಮಟ್ಟಕ್ಕೆ ಹಿಡಿದುಕೊಂಡು, ಯಾರಿಗೂ ಉಪಯೋಗವಿಲ್ಲದ ಮನುಷ್ಯನಾಗಿ ನಿಂತಿದ್ದೆ. ಸಿಸ್ಟರ್ ಬಾಗಿಲಲ್ಲೇ ಡಬ್ಬಿ ತೆರೆಸಿ, ಡಿಸ್ಕನ್ನು ಅಂಚಿನಲ್ಲಿ ಹಿಡಿದೆತ್ತಿ, ಸ್ಪಿರಿಟ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಎರಡೂ ಬದಿ ಒರೆಸಿದರು. ಮಷಿನ್ ಅದನ್ನು ನುಂಗಿಕೊಂಡು ಗೊರಗೊರ ಅಂದಿತು. ಬೆಟ್ಟ ಬಂತು. ಬೀಗವಿರಲಿಲ್ಲ.

ಅಕ್ಕ ಗೋಡೆಗೆ ಒರಗಿ ಉಸಿರು ಬಿಟ್ಟಳು. ನಾನು ಚಿಮಟ ಕೈಗೆತ್ತಿಕೊಂಡೆ. ಪುಟ್ಟಿ ತಾನು ಹತ್ತಿದ್ದ ಜಾಗಕ್ಕೆ ಹೋಗಲು ಒತ್ತಿದಳು.

ಮತ್ತೊಂದು ಸಂದೇಶ. ಡಿಸ್ಕಿನಲ್ಲಿದ್ದದ್ದು ಹಳೆಯ ಆಟ, ತಿದ್ದುಪಡಿಗಳಿಗಿಂತ ಮೊದಲಿನದು. ಪುಟ್ಟಿ ಹತ್ತಿದ್ದು ತಿದ್ದಿದ ಆಟದಲ್ಲಿ. ಹೊಸದರಲ್ಲಿ ಉಳಿಸಿದ್ದನ್ನು ಹಳೆಯದು ತೆರೆಯಲು ಒಲ್ಲೆ ಎಂದಿತು. ಟಿವಿಯಲ್ಲಿ ಬೆಟ್ಟದ ಬುಡ ಕಾಣಿಸಿತು. ನಡೆಯಲು ಈ ಗುಂಡಿ ಒತ್ತಿ ಎಂದು ಆಟ ಅ ಆ ಇ ಈ ಕಲಿಸತೊಡಗಿತು. ಮೋಡವಿಲ್ಲ, ಹಿಮದ ಗೆರೆಯಿಲ್ಲ, ಇಷ್ಟು ದಿನ ನೋವು ನುಂಗಿ ಮೇಲೇರಿದ್ದು ಏನೂ ಇಲ್ಲ.

ಪುಟ್ಟಿ ಕಂಟ್ರೋಲರನ್ನು ಎತ್ತಿ ನೆಲಕ್ಕೆ ಒಗೆದಳು.

ಅದು ಉರುಳಿ ನನ್ನ ತಳ್ಳುಗಾಡಿಯ ಕೆಳಗೆ ಹೋಯಿತು. ಪುಟ್ಟಿಯ ಬಲಗಾಲು ತೊಡೆಯಿಂದ ಪಾದದವರೆಗೆ ನಡುಗಿತು. ಪಟ್ಟಿಯ ಪದರಗಳ ಅಡಿಯಲ್ಲಿ ಆ ಪೊರೆ ಏನಾಗುತ್ತಿದೆಯೋ ನೋಡಲು ದಾರಿಯಿರಲಿಲ್ಲ.

"ಹಿಡ್ಕೊಳ್ಳೋಣ್ವಾ?" ಎಂದರು ಸರ್ಜನ್, ಮೆಲ್ಲಗೆ. ಬೇರೆ ದಾರಿ ಅವರಿಗೆ ಕಾಣಲಿಲ್ಲ, ನನಗೂ ಕಾಣಲಿಲ್ಲ. ಪುಟ್ಟಿ ಆ ಮಾತು ಕೇಳಿಸಿಕೊಂಡಳು. ಅವಳ ಕಣ್ಣು ಸರ್ಜನ್ನರ ಕೈಗಳ ಮೇಲೆ ನೆಟ್ಟಿತು. ಹಿಡಿದರೆ ಒದೆಯುತ್ತಾಳೆ, ಅದು ಖಂಡಿತ. ಹಿಡಿಯದಿದ್ದರೂ ಒದೆಯಬಹುದು.

"ಯಾರೂ ಮುಟ್ಬೇಡಿ" ಎಂದಳು ಅಕ್ಕ. ಸ್ಟೂಲು ಎಳೆದುಕೊಂಡು ಪುಟ್ಟಿಯ ಮುಖದ ಹತ್ತಿರ ಕೂತಳು. "ಪುಟ್ಟಿ, ತಪ್ಪು ನಂದು. ನಿನ್ನ ಆಟಾನ ನಾನು ಬೇರೆಯವರಿಗೆ ಕೊಟ್ಬಿಟ್ಟೆ. ನಿನ್ನ ಕೇಳ್ದೆ ಕೊಟ್ಟೆ. ನೀನು ಹತ್ತಿದ್ದು ಎಲ್ಲೂ ಹೋಗಿಲ್ಲ, ಮಷಿನ್ನಲ್ಲೇ ಇದೆ, ಇವತ್ತು ತೆಗೀತಿಲ್ಲ ಅಷ್ಟೇ. ಇದರಲ್ಲಿ ಮೊದಲಿಂದ ಆಡ್ತೀಯಾ?"

ಪುಟ್ಟಿ ಇಲ್ಲವೆಂದು ತಲೆಯಾಡಿಸಿದಳು. ಅಕ್ಕ ಬಗ್ಗಿ ಕಂಟ್ರೋಲರ್ ಎತ್ತಿಕೊಂಡಳು, ಮತ್ತೊಮ್ಮೆ ಕೊಟ್ಟು ನೋಡೋಣವೆಂದು.

"ನೆಲಕ್ಕೆ ಬಿದ್ದಿದ್ದು ಹಾಸಿಗೆ ಮೇ‍ಲೆ ಹೋಗೋ ಹಾಗಿಲ್ಲ" ಎಂದರು ಸೋಂಕಿನ ಸಿಸ್ಟರ್. ಅವರ ದನಿಯಲ್ಲೂ ಸಂಕಟವಿತ್ತು. ಕವರು ಹರಿದು ಸಂದಿಗೆಲ್ಲ ನೆಲದ ಕೊಳೆ ತಾಗಿತ್ತು, ನಮ್ಮಲ್ಲಿದ್ದದ್ದು ಅದೊಂದೇ ಕಂಟ್ರೋಲರ್.

ಅಕ್ಕ ಕೈಯಲ್ಲಿದ್ದದ್ದನ್ನು ನೋಡಿದಳು, ಟಿವಿ ನೋಡಿದಳು. ಆಮೇಲೆ ತಾನೇ ಆಡತೊಡಗಿದಳು.

ಅಕ್ಕ ಆಡುವುದನ್ನು ಅಲ್ಲಿಯವರೆಗೆ ನಾವು ಯಾರೂ ಕಂಡಿರಲಿಲ್ಲ. ಅಂಗಡಿಯಲ್ಲಿ ಕೂತಷ್ಟು ಕಾಲವೂ ಡಿಸ್ಕು ಹಾಕಿ, ಟಿವಿಯಲ್ಲಿ ಆಟದ ಹೆಸರು ಬಂದರೆ ತೆಗೆದು ಗಿರಾಕಿಗೆ ಕೊಡುವುದಷ್ಟೇ ಅವಳ ಅಭ್ಯಾಸವಂತೆ. ಬೆಟ್ಟದ ಹೆಂಗಸು ಮೊದಲು ಗೋಡೆಗೆ ಮುಖ ಮಾಡಿ ನಡೆದಳು. ತಿರುಗಿಸಿದರೆ ಹಿಂದಕ್ಕೆ ನಡೆದಳು. ಬೆಟ್ಟದ ಬುಡದಲ್ಲೇ ಇದ್ದ, ಹಸುಗೂಸೂ ದಾಟಬಹುದಾದ ಹಳ್ಳಕ್ಕೆ ಬಿದ್ದಳು. ಎದ್ದು ಬಂದು ಅದೇ ಹಳ್ಳಕ್ಕೆ ಮತ್ತೆ ಬಿದ್ದಳು. ಅಕ್ಕ ಹಲ್ಲು ಕಚ್ಚಿಕೊಂಡು ಮೈಯನ್ನೇ ಎಡಕ್ಕೂ ಬಲಕ್ಕೂ ವಾಲಿಸುತ್ತಿದ್ದಳು. ಮತ್ತೆ ಬಿದ್ದಳು.

"ಜಿಗೀಬೇಕು" ಎಂದಿತು ಒಂದು ದನಿ.

ಯಾರದೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ವಾರಗಟ್ಟಲೆ ಬಳಸದ ಗಂಟಲು, ಒರಟಾಗಿತ್ತು.

"ಯಾವ ಗುಂಡಿ?" ಎಂದಳು ಅಕ್ಕ, ತಿರುಗದೆ.

"ಕೆಳಗಿಂದು. ಅದಲ್ಲ! ಕೆಳಗಿಂದು ಅಂದ್ನಲ್ಲಾ!"

ಬೆಟ್ಟದ ಹೆಂಗಸು ಹಳ್ಳ ದಾಟಿದಳು. ನಾನು ಮೊದಲ ಪದರಕ್ಕೆ ಚಿಮಟ ಹಾಕಿದೆ. ಅಕ್ಕ ಕಷ್ಟದಲ್ಲಿದ್ದಳು, ಚಪ್ಪಲಿ ಉಜ್ಜುವ ಸ್ಥಿತಿಯಲ್ಲಿರಲಿಲ್ಲ. ಎಳೆಯುವುದು ಯಾವಾಗ, ನಿಲ್ಲಿಸುವುದು ಯಾವಾಗ ಎಂದು ಇಂದು ನನಗೆ ಹೇಳುವವರಿಲ್ಲ. ಪುಟ್ಟಿಯ ದನಿಯನ್ನೇ ನಂಬಿದೆ. ಅವಳು ಬೈದಾಗ ಎಳೆದೆ, ಸುಮ್ಮನಾದಾಗ ನಿಂತೆ.

"ಬಲಗೈ ಮೇಲಿನ ಕಲ್ಲಿಗೆ. ಬಲ ಅಕ್ಕ, ಬಲ! ನಿಂಗೆ ಬಲ ಯಾವ್ದು ಅಂತ ಗೊತ್ತಿಲ್ವಾ?" ಒಂದು ಪದರ ಬಂತು.

"ಅಲ್ಲಿ ಹೋಗ್ಬೇಡ, ಆ ಕಲ್ಲು ಅಲ್ಲಾಡುತ್ತೆ. ಅಯ್ಯೋ, ಬೇಡ ಅಂದ್ರೆ ಅಲ್ಲಿಗೇ ಹೋಗ್ತಾಳೆ!" ಇನ್ನೊಂದು ಬಂತು. ನಡುವೆ ಒಮ್ಮೆ ನನ್ನ ಚಿಮಟ ಎಲ್ಲೋ ತಾಗಿ ಅವಳು "ಆ" ಎಂದಳು, ಕಾಲು ಬಿಗಿಯಿತು. ನಾನು ಕಲ್ಲಾದೆ. ಅಷ್ಟರಲ್ಲಿ ಬೆಟ್ಟದ ಹೆಂಗಸಿನ ಒಂದು ಕೈ ಜಾರಿತು. "ಹಗ್ಗ! ಹಗ್ಗ ಎಸಿ!" ಎಂದು ಕಿರುಚಿದಳು ಪುಟ್ಟಿ. ಕಾಲು ಸಡಿಲವಾಯಿತು. ನಾನು ಮತ್ತೆ ಚಿಮಟ ಹಾಕಿದೆ.

ಈಗ ಉಳಿದದ್ದು ಚರ್ಮಕ್ಕೆ ತಾಗಿಕೊಂಡಿರುವ ಬಲೆಯಂಥ ಪಟ್ಟಿ, ಅದೊಂದೇ. ಇದರ ಜೊತೆ ಚರ್ಮವೂ ಎದ್ದು ಬಂದರೆ ಎಲ್ಲ ಮುಗಿಯಿತು. ಸರ್ಜನ್ ನನ್ನ ಭುಜದ ಮೇಲಿಂದ ಬಗ್ಗಿದರು. ಟಿವಿಯಲ್ಲಿ ಅಕ್ಕ ಒಂದು ಕಡಿದಾದ ಬಂಡೆಗೆ ತೂಗಿಬಿದ್ದಿದ್ದಳು. ಪುಟ್ಟಿ ದಿಂಬಿನಿಂದ ತಲೆಯೆತ್ತಿ, ಉಸಿರು ಬಿಗಿಹಿಡಿದು, ಒಂದೊಂದು ಕೈಗೂ ಜಾಗ ಹೇಳುತ್ತಿದ್ದಳು. ನಾನು ಬಲೆಯ ಮೂಲೆ ಎತ್ತಿದೆ. ಸಲೈನ್ ಬಿಟ್ಟೆ. ಎತ್ತಿದೆ. ಅಡಿಯಲ್ಲಿ ಕಂಡದ್ದು ಗುಲಾಬಿ ಬಣ್ಣ. ಎಳೆದಷ್ಟೂ ಗುಲಾಬಿಯೇ. ಬಲೆ ನನ್ನ ಕೈಗೆ ಬಂತು, ಚರ್ಮ ಮಂಡಿಯ ಮೇಲೇ ಉಳಿಯಿತು.

"ಹಿಡ್ಕೊಂಡಿದೆ" ಎಂದರು ಸರ್ಜನ್. "ಪೂರ್ತಿ ಹಿಡ್ಕೊಂಡಿದೆ! ಪುಟ್ಟಿ, ನೋಡಮ್ಮ ಇಲ್ಲಿ, ನಿನ್ನ ಕಾಲು..."

"ಶ್!" ಎಂದಳು ಪುಟ್ಟಿ. ಕಾಲಿನ ಕಡೆ ಕಣ್ಣೂ ಹಾಯಿಸಲಿಲ್ಲ. "ಮಾತಾಡ್ಬೇಡಿ, ಅಕ್ಕ ಬಿದ್ದೋಗ್ತಾಳೆ."

ಅಕ್ಕ ಸರ್ಜನ್ ಹೇಳಿದ್ದನ್ನು ಕೇಳಿಸಿಕೊಂಡಿದ್ದಳು. ಕಣ್ಣು ತುಂಬಿ ಕೆನ್ನೆಯ ಮೇಲೆ ಧಾರೆಯಾಗಿ ಇಳಿಯುತ್ತಿತ್ತು. ಎರಡೂ ಕೈ ಕಂಟ್ರೋಲರಿನ ಮೇಲೆ, ಒರೆಸಿಕೊಳ್ಳುವಂತಿಲ್ಲ. "ಪುಟ್ಟಿ, ನಂಗೆ ಏನೂ ಕಾಣ್ತಿಲ್ಲ" ಎಂದಳು.

"ಕಾಣದಿದ್ರೆ ಪರ್ವಾಗಿಲ್ಲ, ನಾನು ಹೇಳ್ತೀನಲ್ಲ" ಎಂದಳು ಪುಟ್ಟಿ. "ಎಡಗೈ ಮೇಲೆ. ಇನ್ನೂ ಸ್ವಲ್ಪ. ಹೂಂ, ಹಾಗೆ. ಈಗ ಕಾಲು."

ನಾನು ಹೊಸ ಪಟ್ಟಿ ಸುತ್ತತೊಡಗಿದೆ.